ಹನ್ನೊಂದು ಗಂಟೆಗೆ ಶಾಲೆಯಿಂದ ಫೋನ್ ಬಂದರೆ

ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರು: ಮನೆಯಲ್ಲಿ ಹೇಗೋ ನಡೆದುಹೋಗುತ್ತದೆ, ಶಾಲೆಯಲ್ಲಿ ಆಗುತ್ತಿಲ್ಲ. ಅವುಗಳಲ್ಲಿ ಐದನ್ನು ಆರಿಸಿದ್ದೇವೆ. ಹೆಸರು ಬೇಡವೆಂದವರೇ ಹೆಚ್ಚು, ಹಾಗಾಗಿ ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಆಟಿಸಂ ಇದೆ. ಎರಡು ಮೂರು ಪದ ಸೇರಿಸಿ ಮಾತಾಡುತ್ತಾನೆ. ಜೂನ್‌ನಿಂದ ಈಚೆಗೆ ಪಕ್ಕದ ಮಕ್ಕಳಿಗೆ ಹೊಡೆಯುವುದು, ಪುಸ್ತಕ ಎಸೆಯುವುದು, ಬೆಂಚಿನ ಕೆಳಗೆ ನುಸುಳಿ ಕೂರುವುದು ಶುರುವಾಗಿದೆ. ವಾರಕ್ಕೆ ಮೂರು ದಿನ ಹನ್ನೊಂದು ಗಂಟೆಗೆ ಫೋನ್ ಬರುತ್ತದೆ, ಬಂದು ಕರೆದುಕೊಂಡು ಹೋಗಿ ಅಂತ. ಮನೆಗೆ ಬಂದ ಹತ್ತು ನಿಮಿಷಕ್ಕೆ ಏನೂ ಆಗಿಲ್ಲದವನ ಹಾಗೆ ಆಡಿಕೊಂಡಿರುತ್ತಾನೆ. ಮುದ್ದು ಮಾಡಿ ಕೆಡಿಸಿದ್ದೀರಿ ಅಂತಾರೆ ಟೀಚರ್. ವಿಶೇಷ ಶಾಲೆಗೆ ಹಾಕಬೇಕಾ?
ತಾಯಿ, ಹಾಸನ

ಉತ್ತರ: ಮನೆಗೆ ಬಂದ ಹತ್ತು ನಿಮಿಷಕ್ಕೆ ಸರಿಹೋಗುತ್ತಾನೆ ಎಂಬ ಸಾಲಿನಲ್ಲೇ ಅರ್ಧ ಉತ್ತರವಿದೆ. ತರಗತಿಯಲ್ಲಿ ಅವನಿಂದ ತಡೆಯಲಾಗದ್ದು ಏನೋ ಇದೆ. ಹೊಡೆದರೆ ಅದರಿಂದ ಬಿಡುಗಡೆ ಸಿಗುತ್ತದೆ ಎಂದು ಆ ಹನ್ನೊಂದು ಗಂಟೆಯ ಫೋನೇ ಅವನಿಗೆ ಕಲಿಸಿಬಿಟ್ಟಿದೆ. ಯಾರೂ ಬೇಕೆಂದು ಕಲಿಸಿದ್ದಲ್ಲ. ಆದರೆ ವಾರಕ್ಕೆ ಮೂರು ಸಲ ಪಾಠವಾದರೆ ಯಾವ ಮಗುವೂ ಕಲಿಯುತ್ತದೆ. ಇದಕ್ಕೂ ಮುದ್ದಿಗೂ ಸಂಬಂಧವಿಲ್ಲ.

ಮೊದಲು ಎರಡು ವಾರ ಬರೆದಿಡಬೇಕು. ನಲವತ್ತು ಮಕ್ಕಳ ಮಧ್ಯೆ ಟೀಚರಿಗೆ ಪುಟಗಟ್ಟಲೆ ಬರೆಯಲಾಗದು. ನೀವೇ ಗೆರೆ ಹಾಕಿ ನಾಲ್ಕು ಕಲಂ ಮಾಡಿದ ಹಾಳೆ ಕೊಡಿ: ಗಂಟೆ ಎಷ್ಟು, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯಿತು. 'ಹಠ ಮಾಡಿದ' ಎಂದು ಬರೆದರೆ ಪ್ರಯೋಜನವಿಲ್ಲ. 'ಬೋರ್ಡ್ ನೋಡಿ ಬರೆಯಲು ಹೇಳಿದೆ, ಪೆನ್ಸಿಲ್ ಎಸೆದ, ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋದ, ಅಮ್ಮನಿಗೆ ಫೋನ್ ಮಾಡಿದೆವು' ಎಂದಿರಬೇಕು. ಎಂಟು ಹತ್ತು ಘಟನೆ ಸೇರಿದರೆ ಸಾಕು, ಒಂದು ಜಾಡು ಕಾಣುತ್ತದೆ. ಇಂಟರ್‌ವಲ್ ಬೆಲ್ ಆದ ಮೇಲೆ ಗದ್ದಲದ ನಡುವೆ ವಾಪಸ್ ಬಂದು ಕೂರುವ ಹೊತ್ತು, ದೀರ್ಘ ಬರವಣಿಗೆಯ ಪೀರಿಯಡ್ಡು, ಟೀಚರ್ ರಜೆಯಲ್ಲಿದ್ದು ಬೇರೆಯವರು ಬಂದ ದಿನ, ಎಲ್ಲವೂ ಹಿಂದುಮುಂದಾಗುವ ಶನಿವಾರದ ಬೆಳಗಿನ ಶಾಲೆ, ಆಗಸ್ಟ್ 15ರ ಮುಂಚಿನ ಡ್ರಿಲ್ಲು, ಡ್ರಮ್ಮು, ಮೈಕು. ಇವುಗಳಲ್ಲಿ ಒಂದೋ ಎರಡೋ ನಿಮ್ಮ ಹಾಳೆಯಲ್ಲೂ ಸಿಗುವ ಸಂಭವವಿದೆ.

ಜೊತೆಜೊತೆಗೆ ಮೈ ಕಡೆಗೂ ಗಮನವಿರಲಿ. ನೋವು ಹೇಳಿಕೊಳ್ಳಲಾಗದ ಮಗುವಿನ ನಡವಳಿಕೆ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ನೋಡಬೇಕಾದ್ದು ಹುಳುಕು ಹಲ್ಲು, ಕಿವಿನೋವು, ಮಲಬದ್ಧತೆ, ನಿದ್ದೆ. ಶಾಲೆಯ ಶೌಚಾಲಯಕ್ಕೆ ಹೋಗಲು ಹೆದರಿ ದಿನವಿಡೀ ತಡೆದುಕೊಳ್ಳುವ ಮಕ್ಕಳು ಬಹಳ.

ಜಾಡು ಸಿಕ್ಕ ಮೇಲೆ, ಹೊಡೆಯುವ ಬದಲು ಅದೇ ಬಿಡುಗಡೆಯನ್ನು ಕೇಳಿ ಪಡೆಯುವ ದಾರಿಯೊಂದನ್ನು ಕಲಿಸಬೇಕು. ವಿಸಿಟಿಂಗ್ ಕಾರ್ಡಿನಷ್ಟು ದಪ್ಪ ಕಾಗದದ ಮೇಲೆ ಅವನು ಹೋಗಿ ಕೂರಬೇಕಾದ ಜಾಗದ ಫೋಟೊ ಅಂಟಿಸಿ, ಕೆಳಗೆ 'ಸಾಕು' ಎಂದು ದೊಡ್ಡದಾಗಿ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಐಡಿ ಕಾರ್ಡಿನ ಟ್ಯಾಗಿಗೆ ಕಟ್ಟಿ. ಕಲಿಸುವುದು ಮನೆಯಲ್ಲಿ, ಅವನು ಶಾಂತವಾಗಿರುವಾಗ. ಅಷ್ಟೇನೂ ಇಷ್ಟವಿಲ್ಲದ ಸಣ್ಣ ಕೆಲಸವೊಂದನ್ನು ಕೊಡಿ. ನೀವು ಎದುರಿಗಿರಿ, ಮನೆಯ ಇನ್ನೊಬ್ಬರು ಅವನ ಹಿಂದೆ ಕೂತು ಕೈಹಿಡಿದು ಕಾರ್ಡನ್ನು ನಿಮ್ಮ ಕೈಗೆ ಕೊಡಿಸಲಿ. ಕಾರ್ಡು ಕೈಗೆ ಬಂದ ಕ್ಷಣ 'ಸಾಕು' ಎಂದು ಹೇಳಿ ಕೆಲಸ ಪಕ್ಕಕ್ಕಿಡಿ. ದಿನಕ್ಕೆ ಎಂಟು ಹತ್ತು ಸಲ. ಹಿಂದಿನವರ ಸಹಾಯವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬನ್ನಿ. ತಾನಾಗಿ ಕೊಡುವಂತಾದ ಮೇಲೆ ಶಾಲೆಗೆ ಕಳಿಸಿ.

ಶಾಲೆಯಲ್ಲಿ ಮೊದಲ ಎರಡು ವಾರ ಅವನು ಎಷ್ಟು ಸಲ ಕಾರ್ಡು ಕೊಟ್ಟರೂ ತಕ್ಷಣ ಬಿಡಬೇಕು, ಹತ್ತು ಸಲವಾದರೂ ಸರಿ. 'ಈ ಸಾಲು ಮುಗಿಸಿ ಹೋಗು' ಎಂದರೆ ಕಾರ್ಡು ಕೆಲಸ ಮಾಡುವುದಿಲ್ಲ, ಕೈ ಕೆಲಸ ಮಾಡುತ್ತದೆ ಎಂದು ಅವನು ತೀರ್ಮಾನಿಸುತ್ತಾನೆ. ಬಿಡುವು 3ರಿಂದ 5 ನಿಮಿಷ, ಗೊತ್ತುಮಾಡಿದ ಒಂದೇ ಜಾಗದಲ್ಲಿ, ಮರಳು ಗಡಿಯಾರವಿಟ್ಟು. ಆಮೇಲೆ ಅದೇ ಕೆಲಸಕ್ಕೆ ವಾಪಸ್. ಹತ್ತು ಲೆಕ್ಕದ ಬದಲು ನಾಲ್ಕು ಲೆಕ್ಕ. ಇಲ್ಲಿ ಕೆಡುವುದು ಹೇಗೆಂದರೆ, ಆಫೀಸಿನಲ್ಲಿ ಕೂರಿಸಿ ಯಾರೋ ಮೊಬೈಲ್ ಕೈಗಿಡುತ್ತಾರೆ. ಬಿಡುವಿನ ಜಾಗ ತರಗತಿಗಿಂತ ಮಜವಾಗಿರಬಾರದು, ನಿಶ್ಶಬ್ದವಾಗಿದ್ದರೆ ಸಾಕು. ಇದೆಲ್ಲ ನಡೆಯುತ್ತಿರುವಾಗ ಮನೆಗೆ ಕಳಿಸುವುದು ನಿಲ್ಲಬೇಕು. ನಿಲ್ಲಿಸಿದ ಮೊದಲ ಕೆಲವು ದಿನ ಹೊಡೆತ ಜಾಸ್ತಿಯೇ ಆಗಬಹುದು. ಹಳೆಯ ಬೀಗದಕೈ ತಿರುಗದಿದ್ದಾಗ ಇನ್ನೂ ಜೋರಾಗಿ ತಿರುಗಿಸುತ್ತೇವಲ್ಲ, ಹಾಗೆ. ಇದನ್ನು ಟೀಚರಿಗೆ ಮುಂಚೆಯೇ ಹೇಳಿಡಿ, ಇಲ್ಲವಾದರೆ ನಾಲ್ಕನೇ ದಿನಕ್ಕೆ ಎಲ್ಲರೂ ಕೈಬಿಡುತ್ತಾರೆ.

ರಂಪ ಶುರುವಾಗಿಯೇ ಬಿಟ್ಟರೆ ಆ ಹೊತ್ತಿನಲ್ಲಿ ಏನನ್ನೂ ಕಲಿಸಲು ಹೋಗಬಾರದು. ಉಳಿದ ಮಕ್ಕಳನ್ನು ದೂರ ಸರಿಸಿ, ಒಬ್ಬರೇ ಹತ್ತಿರವಿದ್ದು, ಎರಡೇ ಪದ: 'ಇಲ್ಲಿ ಕೂರು.' ಯಾಕೆ ಹೊಡೆದೆ ಎಂಬ ಪ್ರಶ್ನೆ, ಸಾರಿ ಕೇಳು ಎಂಬ ಒತ್ತಾಯ ಆಗ ಬೇಡ. ಅಪಾಯವಿಲ್ಲದಿದ್ದರೆ ಹಿಡಿದಿಟ್ಟುಕೊಳ್ಳಬೇಡಿ. ಪೂರ್ತಿ ತಣ್ಣಗಾಗಲು ಅರ್ಧ ಗಂಟೆಯೂ ಹಿಡಿಯಬಹುದು.

ವಿಶೇಷ ಶಾಲೆಯ ವಿಚಾರ ಈ ಪ್ರಯತ್ನ ಎರಡು ತಿಂಗಳು ನಡೆದ ಮೇಲೆ. ಅಷ್ಟರೊಳಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಭಾಷೆಯ ಮೌಲ್ಯಮಾಪನ ಮಾಡಿಸಿ. ಮಾತು ಒಂದು ಹೆಜ್ಜೆ ಮುಂದೆ ಹೋದರೂ ಕೈ ಅಷ್ಟು ಹಿಂದೆ ಸರಿಯುತ್ತದೆ.

ಪ್ರಶ್ನೆ: ಮಗಳಿಗೆ 11 ವರ್ಷ, ಆರನೇ ತರಗತಿ. ಓದುವುದು ಬಹಳ ನಿಧಾನ, ಅಕ್ಷರ ತಪ್ಪುತ್ತಾಳೆ. ಬೆಳಿಗ್ಗೆ ಏಳಕ್ಕೆ ಹೊಟ್ಟೆನೋವು, ವಾಂತಿ. ಭಾನುವಾರ ಏನೂ ಇಲ್ಲ. ಮೂರು ವಾರದಿಂದ ಶಾಲೆಗೆ ಹೋಗಿಲ್ಲ. ಎರಡು ಬಿಗಿದು ಕಳಿಸು ಅಂತಾರೆ ಇವರು. ಮಗು ಹೆದರಿದೆ, ಬಿಟ್ಟುಬಿಡಿ ಅಂತಾರೆ ಅತ್ತೆ.
ತಾಯಿ, ಶಿವಮೊಗ್ಗ

ಉತ್ತರ: ಭಾನುವಾರ ಬರದ ನೋವು ಸುಳ್ಳು ನೋವೆಂದು ಅರ್ಥವಲ್ಲ. ಆತಂಕಕ್ಕೆ ಹೊಟ್ಟೆ ನಿಜವಾಗಿಯೇ ಹಿಂಡುತ್ತದೆ. ಮಕ್ಕಳ ವೈದ್ಯರಿಗೆ ಒಮ್ಮೆ ಸರಿಯಾಗಿ ತೋರಿಸಿ. ದೇಹದಲ್ಲಿ ತೊಂದರೆ ಇಲ್ಲವೆಂದಾದ ಮೇಲೆ ದಿನಾ 'ಇವತ್ತು ಹೊಟ್ಟೆ ಹೇಗಿದೆ' ಎಂದು ಕೇಳುವುದನ್ನು ನಿಲ್ಲಿಸಿ. ನಿಮ್ಮ ಯಜಮಾನರ ದಾರಿಯೂ ಬೇಡ, ಅತ್ತೆಯವರ ದಾರಿಯೂ ಬೇಡ. ಹೊಡೆದರೆ ಹೆದರಿಕೆಗೆ ಇನ್ನೊಂದು ಕಾರಣ ಸೇರುತ್ತದೆ. ಬಿಟ್ಟುಬಿಟ್ಟರೆ ಮನೆಯಲ್ಲಿ ಕಳೆದ ಒಂದೊಂದು ದಿನವೂ ವಾಪಸಾತಿಯನ್ನು ಕಷ್ಟ ಮಾಡುತ್ತದೆ.

ಓದುವಲ್ಲಿ ತೊಡಕಿರುವ ಮಕ್ಕಳ ಶಾಲೆಯ ಭಯದ ಬೇರು ಹೆಚ್ಚಾಗಿ ಒಂದೇ ಕಡೆ: ಎದ್ದು ನಿಂತು ಗಟ್ಟಿಯಾಗಿ ಓದು ಎನ್ನುವ ಪೀರಿಯಡ್ಡು. ನಗುವ ಸಹಪಾಠಿಗಳು, ಶೌಚಾಲಯ, ವ್ಯಾನಿನಲ್ಲಿ ಕೀಟಲೆ, ಇವನ್ನೂ ವಿಚಾರಿಸಿ. ಎದುರು ಕೂರಿಸಿ ತನಿಖೆ ಮಾಡಿದರೆ ಬಾಯಿ ಬಿಡುವುದಿಲ್ಲ. ಸೊಪ್ಪು ಬಿಡಿಸುತ್ತಾ, ಟೈಮ್‌ಟೇಬಲ್ ಮುಂದಿಟ್ಟು, ಒಂದೊಂದು ಪೀರಿಯಡ್ಡಿಗೂ ಸೊನ್ನೆಯಿಂದ ಹತ್ತರವರೆಗೆ ಹೆದರಿಕೆಯ ಅಂಕ ಹಾಕಿಸಿ. ಎಂಟು ಒಂಬತ್ತು ಬಿದ್ದಲ್ಲಿ ಕಾರಣವಿದೆ. ಆ ಟೀಚರ್ ಹತ್ತಿರ ಒಂದೇ ಕೋರಿಕೆ ಇಡಿ: ತಾನಾಗಿ ಕೈ ಎತ್ತದ ಹೊರತು ಗಟ್ಟಿಯಾಗಿ ಓದಿಸಬೇಡಿ, ಓದಿಸಲೇಬೇಕಿದ್ದರೆ ಯಾವ ಪ್ಯಾರಾ ಎಂದು ಹಿಂದಿನ ದಿನವೇ ಗುರುತು ಹಾಕಿ ಕಳಿಸಿ.

ಆಮೇಲೆ ಮೆಟ್ಟಿಲು. ಮೊದಲ ಎರಡು ದಿನ ಯೂನಿಫಾರ್ಮ್ ಹಾಕಿ, ಬ್ಯಾಗ್ ಹಿಡಿದು, ಶಾಲೆಯ ಹೊತ್ತಿಗೇ ಗೇಟಿನವರೆಗೆ ಹೋಗಿ ಹದಿನೈದು ನಿಮಿಷ ನಿಂತು ವಾಪಸ್. ಮುಂದೆ ಲೈಬ್ರರಿಯಲ್ಲೋ ಹೆಡ್‌ಮಾಸ್ಟರ್ ಕೋಣೆಯಲ್ಲೋ ಅರ್ಧ ಗಂಟೆ. ಅದಾದ ಮೇಲೆ ಅವಳು ಸೊನ್ನೆ ಒಂದು ಅಂಕ ಹಾಕಿದ ಪೀರಿಯಡ್ಡು ಮಾತ್ರ. ನಂತರ ಊಟದವರೆಗೆ, ಕೊನೆಗೆ ಪೂರ್ತಿ ದಿನ. ಹೆದರಿಕೆಯ ಅಂಕ ಶುರುವಿನಲ್ಲಿದ್ದುದರ ಅರ್ಧಕ್ಕೆ ಇಳಿಯುವವರೆಗೆ ಅದೇ ಮೆಟ್ಟಿಲಲ್ಲಿರಿ. ಇದರಲ್ಲಿ ತಪ್ಪಲೇಬಾರದ ನಿಯಮವೆಂದರೆ, ವಾಪಸ್ ಹೊರಡುವುದು ಮೊದಲೇ ಹೇಳಿದ ಹೊತ್ತಿಗೆ, ಅತ್ತಾಗ ಅಲ್ಲ. ಅಳುವಿನ ಉತ್ತುಂಗದಲ್ಲಿ ಕರೆದುಕೊಂಡು ಬಂದರೆ ಹಾಸನದ ಪತ್ರದಲ್ಲಿರುವ ಫೋನಿನ ಕತೆಯೇ ಇಲ್ಲೂ ಆಗುತ್ತದೆ. ಸೋಮವಾರ ಒಂದು ಮೆಟ್ಟಿಲು ಜಾರುವುದು ಸಾಮಾನ್ಯ, ಗಾಬರಿ ಬೇಡ.

ಶಾಲೆಯ ಹೊತ್ತಿನಲ್ಲಿ ಮನೆ ಸಪ್ಪೆಯಾಗಿರಲಿ: ಟಿವಿ ಇಲ್ಲ, ಮೊಬೈಲ್ ಇಲ್ಲ, ಅಜ್ಜಿಯ ವಿಶೇಷ ತಿಂಡಿಯೂ ನಾಲ್ಕು ಗಂಟೆಯ ನಂತರವೇ. 'ನಾಳೆ ಏನಾದ್ರೂ ಆಗುತ್ತಾ ಅಮ್ಮ' ಎಂದು ರಾತ್ರಿ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲ ಧೈರ್ಯ ಹೇಳಬೇಡಿ. ಒಮ್ಮೆ ಹೇಳಿ, ಚೀಟಿಯಲ್ಲಿ ಬರೆದು ಕೊಡಿ. ಮತ್ತೆ ಕೇಳಿದಾಗ 'ಚೀಟಿ ನೋಡು' ಎಂದರೆ ಸಾಕು.

ಕಲಿಕಾ ನ್ಯೂನತೆಯ ಪರೀಕ್ಷೆಯನ್ನು ಈ ವರ್ಷವೇ ಮಾಡಿಸಿ. ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಇದಕ್ಕೆ ಪ್ರಮಾಣಪತ್ರ ಕೊಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ನು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಓಡಾಡುವವರೇ ಹೆಚ್ಚು. ನಿಮಗೆ ನಾಲ್ಕು ವರ್ಷವಿದೆ. ನಿಮಗೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ. ಸಾಯಬೇಕೆನ್ನುವ ಮಾತು ಮಗಳ ಬಾಯಲ್ಲಿ ಬಂದರೆ ಮೆಟ್ಟಿಲು ಪಕ್ಕಕ್ಕಿಟ್ಟು ಅದೇ ದಿನ ಮನೋವೈದ್ಯರನ್ನು ಕಾಣಿ.

ಪ್ರಶ್ನೆ: ಬೇರೆ ಮಕ್ಕಳ ತಂದೆತಾಯಂದಿರು ಸಹಿ ಹಾಕಿ ದೂರು ಕೊಟ್ಟಿದ್ದಾರಂತೆ. ಟೀಸಿ ತಗೊಂಡು ಹೋಗಿ ಅಂತಿದ್ದಾರೆ. ಮಗನಿಗೆ 9 ವರ್ಷ, ಬೌದ್ಧಿಕ ವಿಕಲತೆ ಇದೆ. ಸ್ಕೇಲಿನಿಂದ ಹೊಡೆದ ಗುರುತೂ ಇತ್ತು.
ತಂದೆ, ಬಾಗಲಕೋಟೆ

ಉತ್ತರ: ಟೀಸಿಗೆ ಅರ್ಜಿ ಬರೆದುಕೊಡಬೇಡಿ. ನೀವಾಗಿಯೇ ಕೇಳಿದಂತೆ ಆಗುತ್ತದೆ, ಆಮೇಲೆ ವಾದಿಸಲು ಏನೂ ಉಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ನು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಗುರುತಿನ ಫೋಟೊ ದಿನಾಂಕದೊಂದಿಗೆ ಇಟ್ಟುಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಪಡೆಯಿರಿ. ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ಕೊಟ್ಟು ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಮೇಲೆ ರಾಜ್ಯ ವಿಕಲಚೇತನರ ಆಯುಕ್ತರು. ಹೊಡೆತದ ವಿಚಾರಕ್ಕೆ ಮಕ್ಕಳ ಸಹಾಯವಾಣಿ 1098.

ಇದು ಕಾನೂನಿನ ಬಲ. ಆದರೆ ಮಗ ನಾಳೆಯೂ ಅದೇ ಕೋಣೆಯಲ್ಲಿ ಕೂರಬೇಕು. ಹಾಗಾಗಿ ಸಭೆಗೆ ಹೋಗುವಾಗ ಒಂದೇ ಪುಟ ಒಯ್ಯಿರಿ: ಅವನಿಗೆ ಏನು ಬರುತ್ತದೆ, ಯಾವುದು ಕೆರಳಿಸುತ್ತದೆ, ಕೆರಳಿದಾಗ ಏನು ಮಾಡಬೇಕು. ತಾಲ್ಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ) ವಿಶೇಷ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಆ ಸಭೆಗೆ ಕರೆಸಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿ. ಶೇ 40 ಮತ್ತು ಮೇಲ್ಪಟ್ಟ ವಿಕಲತೆಯಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಪ್ರಶ್ನೆ: ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಮಾತ್ರೆ ಮಿಥೈಲ್‌ಫೆನಿಡೇಟ್ ಶುರುಮಾಡಿದ ಮೇಲೆ ಮಗ ಡಬ್ಬಿ ಹಾಗೇ ವಾಪಸ್ ತರುತ್ತಾನೆ. ಭಾನುವಾರ ಬಿಡಬಹುದೇ?
ಹುಬ್ಬಳ್ಳಿ

ಉತ್ತರ: ಹಸಿವು ಕುಗ್ಗುವುದು ಈ ಮಾತ್ರೆಯ ತಿಳಿದಿರುವ ಪರಿಣಾಮ, ಮಧ್ಯಾಹ್ನ ಹೆಚ್ಚು. ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಆಮೇಲೆ ಮಾತ್ರೆ ಕೊಡಿ. ಡಬ್ಬಿಗೆ ಸ್ವಲ್ಪವೇ ಹಾಕಿ, ಕಡಲೆಕಾಯಿ ಚಿಕ್ಕಿ, ತುಪ್ಪದ ರೊಟ್ಟಿಯಂಥದ್ದು. ಸಂಜೆ ಹಸಿವು ಮರಳಿದಾಗ ದೊಡ್ಡ ಊಟ ಕೊಡಿ. ಎತ್ತರ, ತೂಕ ಬರೆದಿಡಿ. ಭಾನುವಾರ ಬಿಡುವುದನ್ನು ಬರೆದುಕೊಟ್ಟ ವೈದ್ಯರೇ ನಿರ್ಧರಿಸಬೇಕು. ಒಂದು ದಿನ ಮರೆತರೆ ಮರುದಿನ ಎರಡು ಕೊಡಬೇಡಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. 36 ಮಕ್ಕಳಲ್ಲಿ ಒಬ್ಬ ಒಂದು ನಿಮಿಷ ಕೂರುವುದಿಲ್ಲ. ತಿಂಗಳ ಕೊನೆಗೆ ಬಹುಮಾನ ಅಂತ ಹೇಳಿದರೂ ಉಪಯೋಗವಾಗಿಲ್ಲ.
ಮಂಡ್ಯ

ಉತ್ತರ: ತಿಂಗಳ ಕೊನೆ ಅವನ ಪಾಲಿಗೆ ಮುಂದಿನ ಜನ್ಮವಿದ್ದಂತೆ. ಅವನು ಈಗ ನಿಜವಾಗಿ ಎಷ್ಟು ಹೊತ್ತು ಕೂರುತ್ತಾನೆಂದು ಮೂರು ದಿನ ಗಡಿಯಾರ ಹಿಡಿದು ನೋಡಿ. ಎರಡು ನಿಮಿಷವಾದರೆ ಗುರಿ ಒಂದೂವರೆ ನಿಮಿಷ, ಐದಲ್ಲ. ಅಷ್ಟು ಕೂತ ತಕ್ಷಣ ಅವನ ಬೆಂಚಿನ ಮೇಲಿನ ಕಾರ್ಡಿಗೆ ಒಂದು ಟಿಕ್. ಮೂರು ಟಿಕ್ಕಿಗೆ ಡಸ್ಟರ್ ಒದರಿಕೊಂಡು ಬರುವ, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವ ಕೆಲಸ. ಓಡಾಡಬೇಕೆನಿಸುವ ಹುಡುಗನಿಗೆ ಓಡಾಟವೇ ಬಹುಮಾನ. ಒಂದು ವಾರ ಸರಿಯಾಗಿ ನಡೆದರೆ ಅರ್ಧ ನಿಮಿಷ ಏರಿಸಿ. ಹಾಕಿದ ಟಿಕ್ಕನ್ನು ತಪ್ಪು ಮಾಡಿದನೆಂದು ಅಳಿಸಬೇಡಿ, ಅಳಿಸಿದ ದಿನವೇ ಕಾರ್ಡಿನ ಮೇಲಿನ ನಂಬಿಕೆ ಹೋಗುತ್ತದೆ. ಮೊದಲ ಬೆಂಚಿನಲ್ಲಿ, ಕಿಟಕಿ ಬಾಗಿಲಿನಿಂದ ದೂರ, ನಿಮ್ಮ ಕೈ ಎಟಕುವಲ್ಲಿ ಕೂರಿಸಿ. ಹೆಸರು ಹಿಡಿದು ಕೂಗುವ ಬದಲು ಪಾಠ ಮಾಡುತ್ತಲೇ ಪುಸ್ತಕದ ಮೇಲೆ ಬೆರಳಿಡಿ. ಬೇರೆ ಮಕ್ಕಳು ನಮಗೂ ಟಿಕ್ ಬೇಕು ಎಂದು ಕೇಳುತ್ತಾರೆ. ಶುಕ್ರವಾರ ಒಂದು ಪೀರಿಯಡ್ಡು ಎಲ್ಲರಿಗೂ ಹಾಕಿ, ಅಷ್ಟಕ್ಕೆ ಸುಮ್ಮನಾಗುತ್ತಾರೆ.