ಸಿಂಗಾಪುರ–ಮಲೇಷ್ಯಾ ನೀರಿನ ಜಗಳ: 3 ಸೆನ್ ಲೆಕ್ಕ ಪೂರ್ತಿ ನೋಡಿ

ಪ್ರಶ್ನೆ: ಸಿಂಗಾಪುರ ಸಾವಿರ ಗ್ಯಾಲನ್ ನೀರನ್ನ ಮಲೇಷ್ಯಾದಿಂದ 3 ಸೆನ್‌ಗೆ ತಗೊಂಡು ಅದನ್ನೇ 50 ಸೆನ್‌ಗೆ ವಾಪಸ್ ಮಾರುತ್ತಂತೆ, ಇದು ಹಗಲು ದರೋಡೆ ಅಲ್ವಾ ಸಾರ್? ಮಲೇಷ್ಯಾ ನಲ್ಲಿ ಬಂದ್ ಮಾಡಿದ್ರೆ ಸಿಂಗಾಪುರದ ಕಥೆ ಮುಗೀತಲ್ವಾ?

ಉತ್ತರ: ಈ ವಾಟ್ಸಾಪ್ ಫಾರ್ವರ್ಡ್ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಪೂರ್ತಿ ಬರೀತೀನಿ. 3 ಸೆನ್ನೂ ನಿಜ, 50 ಸೆನ್ನೂ ನಿಜ (100 ಸೆನ್ ಅಂದ್ರೆ ಮಲೇಷ್ಯಾದ 1 ರಿಂಗಿಟ್), ಆದ್ರೆ 3 ಸೆನ್ ಕೊಡೋದು ಸಿಂಗಾಪುರದ ಪಕ್ಕದಲ್ಲಿರೋ ಮಲೇಷ್ಯಾದ ಜೋಹೋರ್ ರಾಜ್ಯದ ಜೋಹೋರ್ ನದಿಯ ಕಚ್ಚಾ ನೀರಿಗೆ, 50 ಸೆನ್ ತಗೊಳ್ಳೋದು ಶುದ್ಧ ಮಾಡಿದ ಕುಡಿಯೋ ನೀರಿಗೆ. ಶುದ್ಧ ಮಾಡೋಕೇ ಸಾವಿರ ಗ್ಯಾಲನ್‌ಗೆ 2.40 ರಿಂಗಿಟ್ ಬೀಳುತ್ತೆ ಅಂತ ಸಿಂಗಾಪುರ ಲೆಕ್ಕ ಕೊಟ್ಟಿದೆ, ಫಾರ್ವರ್ಡ್ ಬರೆಯೋರು ಇದನ್ನ ಮಾತ್ರ ಬಿಟ್ಟುಬಿಡ್ತಾರೆ.

ಹಾಗಂತ ಮಲೇಷ್ಯಾ ಸುಮ್ನೆ ಕೂಗಾಡ್ತಿದೆ ಅಂತಲೂ ಅಲ್ಲ. 1962ರ ಒಪ್ಪಂದದಲ್ಲಿ ಸಿಂಗಾಪುರಕ್ಕೆ ದಿನಕ್ಕೆ 25 ಕೋಟಿ ಗ್ಯಾಲನ್ ಎತ್ತೋ ಹಕ್ಕಿದೆ, ಗುಣಿಸಿ ನೋಡಿ, ಅಷ್ಟೂ ನೀರಿಗೆ ದಿನಕ್ಕೆ ಸಿಗೋದು 7,500 ರಿಂಗಿಟ್ ಮಾತ್ರ, ಮತ್ತೆ ಒಪ್ಪಂದ ಇರೋದು 2061ರ ತನಕ! ನಿಜವಾದ ಜಗಳ ಇಲ್ಲಿದೆ. 25 ವರ್ಷ ಆದ್ಮೇಲೆ ದರ ಪರಿಷ್ಕರಣೆ ಕೇಳಬಹುದು ಅಂತ ಒಪ್ಪಂದದಲ್ಲೇ ಇತ್ತು, 1987ರಲ್ಲಿ ಮಲೇಷ್ಯಾ ಕೇಳಲಿಲ್ಲ, ಆಗ ಪ್ರಧಾನಿಯಾಗಿದ್ದೂ ಮಹಾತೀರ್, 2018ರಲ್ಲಿ ಮತ್ತೆ ಅಧಿಕಾರಕ್ಕೆ ಬಂದು ಈ ದರ ಸರಿಯಿಲ್ಲ ಅಂದಿದ್ದೂ ಅವರೇ. ಆ ಅವಕಾಶ ಕಳ್ಕೊಂಡ್ರಿ ಅನ್ನೋದು ಸಿಂಗಾಪುರದ ವಾದ, ಹಕ್ಕು ಇನ್ನೂ ಇದೆ ಅನ್ನೋದು ಮಲೇಷ್ಯಾದ್ದು. ನನ್ನ ಪ್ರಕಾರ ಕಾಗದದ ಬಲ ಸಿಂಗಾಪುರದ ಕಡೆಗಿದೆ, ಆದ್ರೆ ಜೋಹೋರ್ ಜನರ ಸಿಟ್ಟಿಗೂ ಕಾರಣ ಇದೆ.

ಇನ್ನು ನಲ್ಲಿ ಬಂದ್ ಮಾಡೋ ಮಾತು. ದಯವಿಟ್ಟು ಬಿಡಿ ಇದನ್ನ. 1965ರಲ್ಲಿ ಎರಡೂ ದೇಶ ಬೇರೆಯಾದಾಗ ಬೇರ್ಪಡೆ ಒಪ್ಪಂದದಲ್ಲೇ ಈ ನೀರಿಗೆ ಮಲೇಷ್ಯಾ ಸರ್ಕಾರ ಗ್ಯಾರಂಟಿ ಕೊಟ್ಟಿದೆ, ಅದು ವಿಶ್ವಸಂಸ್ಥೆಯಲ್ಲಿ ನೋಂದಣಿನೂ ಆಗಿದೆ. ಸಿಂಗಾಪುರವೂ ಸುಮ್ನೆ ಕೂತಿಲ್ಲ, ಬಳಸಿದ ನೀರನ್ನ ಶುದ್ಧ ಮಾಡೋ ನ್ಯೂವಾಟರ್ 2003ರಿಂದ, ತುವಾಸ್‌ನಲ್ಲಿ ಸಮುದ್ರದ ನೀರು ಸಿಹಿ ಮಾಡೋ ಘಟಕ 2005ರಿಂದ ಇದೆ. 1961ರ ಇನ್ನೊಂದು ನೀರಿನ ಒಪ್ಪಂದ 2011ರಲ್ಲಿ ಮುಗೀತು, ಅದರಡಿ ಜೋಹೋರ್‌ನಲ್ಲಿದ್ದ ನೀರಿನ ಘಟಕಗಳನ್ನ ಸಿಂಗಾಪುರದವರು ಜೋಹೋರ್‌ಗೇ ಒಪ್ಪಿಸಿ ಬಂದ್ರು, ಯಾವ ಪ್ರಳಯಾನೂ ಆಗ್ಲಿಲ್ಲ. ನನಗೆ ಚಿಂತೆ ಇರೋದು ಬರದ್ದು: 2016ರಲ್ಲಿ ಜೋಹೋರ್ ನದಿಗೆ ನೀರು ಬಿಡೋ ಲಿಂಗಿಯು ಜಲಾಶಯ ಶೇ. 20ಕ್ಕೆ ಇಳಿದಿತ್ತು, ನದಿ ಬತ್ತಿದ್ರೆ ಒಪ್ಪಂದ ಹಿಡ್ಕೊಂಡು ಇಬ್ಬರೂ ಏನು ಮಾಡ್ತಾರೆ?

ಪ್ರಶ್ನೆ: ಪೆದ್ರಾ ಬ್ರಾಂಕಾ ದ್ವೀಪ ಕೊನೆಗೆ ಯಾರದ್ದು?

ಉತ್ತರ: ಸಿಂಗಾಪುರದ್ದು, 2008ರಲ್ಲೇ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಾಗಿದೆ.

ಪ್ರಶ್ನೆ: ಜೋಹೋರ್–ಸಿಂಗಾಪುರ ವಿಶೇಷ ಆರ್ಥಿಕ ವಲಯ ಆಗಿದೆ, ಈಗ ಮಲೇಷ್ಯಾ ಟೂರಿಸ್ಟ್ ವೀಸಾ ಇದ್ರೆ ಸಿಂಗಾಪುರದಲ್ಲಿ ಕೆಲಸ ಮಾಡಬಹುದು ಅಂತ ನಮ್ಮೂರ ಏಜೆಂಟ್ ಹೇಳ್ತಿದ್ದಾರೆ, ಅಡ್ವಾನ್ಸ್ ಕೊಡ್ಲಾ?

ಉತ್ತರ: ಕೊಡಬೇಡಿ! 2025ರ ಜನವರಿಯಲ್ಲಿ ಸಹಿ ಆಗಿದ್ದು ಬಂಡವಾಳ ಮತ್ತೆ ವ್ಯಾಪಾರದ ಒಪ್ಪಂದ, ನಿಮಗೆ ಎರಡು ದೇಶದ ವೀಸಾ ಕೊಡೋದಲ್ಲ. ಸಿಂಗಾಪುರದಲ್ಲಿ ಕೆಲಸ ಮಾಡೋಕೆ ಅಲ್ಲಿನ ವರ್ಕ್ ಪಾಸ್ ಬೇಕೇ ಬೇಕು, ಅದನ್ನ ಮಾಡಿಸೋದು ಕೆಲಸ ಕೊಡೋ ಅಲ್ಲಿನ ಕಂಪನಿ. ಆಗಲೇ ದುಡ್ಡು ಕೊಟ್ಟಾಗಿದ್ರೆ ರಸೀದಿ, ಮೆಸೇಜು ಎಲ್ಲಾ ಇಟ್ಕೊಂಡು ಇವತ್ತೇ ಪೊಲೀಸ್ ಸ್ಟೇಷನ್‌ಗೆ ಹೋಗಿ.