ಓದುಗರ ಪ್ರಶ್ನೆ: ಹೊಳೆಗೆ ಬಿದ್ದ ಉಂಗುರ ಹುಡುಕುವುದು ಹೇಗೆ?

ಪ್ರಶ್ನೆ: ಮಾನ್ಯರೇ, ಕಳೆದ ತಿಂಗಳು ಶ್ರೀರಂಗಪಟ್ಟಣದ ಸಂಗಮದಲ್ಲಿ ಸ್ನಾನ ಮಾಡುವಾಗ ನನ್ನ ತಂಗಿಯ ಐದು ಗ್ರಾಂ ಚಿನ್ನದ ಉಂಗುರ ಮೊಣಕಾಲುದ್ದದ ನೀರಿನಲ್ಲಿ ಜಾರಿಹೋಯಿತು. ಭಾವನವರು ವಿದೇಶದಿಂದ ತಂದ, ನೀರಿನಲ್ಲಿಯೂ ಬಳಸಬಹುದಾದ ಮೆಟಲ್ ಡಿಟೆಕ್ಟರ್ ಮನೆಯಲ್ಲಿದೆ. ಅದನ್ನು ಆಡಿಸಿದರೆ ಹೆಜ್ಜೆಹೆಜ್ಜೆಗೂ ಕೂಗುತ್ತದೆಯೇ ಹೊರತು ಉಂಗುರ ಸಿಗಲಿಲ್ಲ. ರಜೆಯಲ್ಲಿ ಮಲ್ಪೆಗೂ ಒಯ್ಯುವ ಆಲೋಚನೆಯಿದೆ. ಬಳಸುವ ಕ್ರಮವನ್ನು ತಿಳಿಸಿ.
— ಓದುಗರು, ಪಾಂಡವಪುರ

ಉತ್ತರ: ಮೊದಲಿಗೆ ಕೈಪಿಡಿಯನ್ನು ತೆರೆದು, ನೀರು ತಡೆಯುವುದು ಇಡೀ ಯಂತ್ರವೋ ಅಥವಾ ತುದಿಯ ದುಂಡು ಕಾಯಿಲ್ ಮಾತ್ರವೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಎಷ್ಟೋ ಯಂತ್ರಗಳಲ್ಲಿ ಕಾಯಿಲ್ ಮುಳುಗಬಹುದು, ಹಿಡಿಕೆಯ ಬಳಿಯಿರುವ ಪೆಟ್ಟಿಗೆ ಮುಳುಗಬಾರದು.

ಯಂತ್ರ ಕೂಗಿದ್ದು ಸುಳ್ಳಲ್ಲ. ಸ್ನಾನಘಟ್ಟದ ತಳದಲ್ಲಿ ಮೊಳೆ, ಬಾಟಲಿ ಮುಚ್ಚಳ, ಹರಕೆಯ ನಾಣ್ಯ, ಮಾತ್ರೆಯ ಅಲ್ಯೂಮಿನಿಯಂ ಹಾಳೆ ಎಲ್ಲವೂ ಬಿದ್ದಿರುತ್ತವೆ. ಬಹುಮಂದಿ ತಪ್ಪುವುದು ಇಲ್ಲಿಯೇ: ಕೂಗಾಟ ತಾಳಲಾರದೆ, ಕಸದ ಸದ್ದನ್ನು ಅಡಗಿಸುವ ಗುಂಡಿಯನ್ನು ತಿರುಗಿಸಿಬಿಡುತ್ತಾರೆ. ಸಣ್ಣ ಚಿನ್ನದ ಉಂಗುರ ಯಂತ್ರಕ್ಕೆ ಕೊಡುವ ಸಂಕೇತವೂ ತಂಪು ಪಾನೀಯದ ಡಬ್ಬಿಯ ಕಿತ್ತ ಕೊಂಡಿ ಕೊಡುವ ಸಂಕೇತವೂ ಹೆಚ್ಚುಕಡಿಮೆ ಒಂದೇ ಆದುದರಿಂದ, ಕೊಂಡಿಯನ್ನು ಮೌನಗೊಳಿಸಿದವರು ಉಂಗುರವನ್ನೂ ಮೌನಗೊಳಿಸಿದಂತೆಯೇ ಆಗುತ್ತದೆ. ಅದರ ಬದಲು ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವನ್ನು ಆ ಜಾಗದಲ್ಲಿ ನಾಲ್ಕಾರು ಸಲ ಎಳೆದು ನೋಡಿ. ಕಬ್ಬಿಣವೂ, ಈಗಿನ ಸ್ಟೇನ್‌ಲೆಸ್ ಸ್ಟೀಲಿನ ನಾಣ್ಯಗಳೂ ಅಂಟಿಕೊಂಡು ಮೇಲೆ ಬರುತ್ತವೆ, ಚಿನ್ನ ಮಾತ್ರ ಅಲ್ಲಿಯೇ ಉಳಿಯುತ್ತದೆ. ಅರ್ಧ ಗದ್ದಲ ಅಷ್ಟಕ್ಕೇ ಅಡಗುತ್ತದೆ.

ಇನ್ನು ಕಿವಿಯನ್ನು ಪಳಗಿಸಬೇಕು. ಅಂಗಳದ ಒದ್ದೆ ಮರಳಿನಲ್ಲಿ ಅದೇ ಗಾತ್ರದ ಇನ್ನೊಂದು ಉಂಗುರವನ್ನು ಕೆಂಪು ದಾರ ಕಟ್ಟಿ ಒಂದು ಗೇಣು ಆಳದಲ್ಲಿ ಹುಗಿದು, ದಾರದ ತುದಿಯನ್ನು ಮೇಲಿನ ಕಡ್ಡಿಗೆ ಬಿಗಿಯಿರಿ. ಅದರ ಮೇಲೆ ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ, ತಳಕ್ಕೆ ತಾಗಿತೋ ಇಲ್ಲವೋ ಎನ್ನುವಷ್ಟು ಹತ್ತಿರದಲ್ಲಿ ನಿಧಾನವಾಗಿ ಆಡಿಸಿ. ಉಂಗುರದ ಸದ್ದು ಎರಡೂ ದಿಕ್ಕಿನಲ್ಲಿ ಒಂದೇ ಬಗೆಯಾಗಿ ಕೇಳುತ್ತದೆ, ಡೊಂಕು ಮೊಳೆಯ ಸದ್ದು ಒಡೆದೊಡೆದು ಬರುತ್ತದೆ. ಸರವೇನಾದರೂ ಕಳೆದಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ, ಏಕೆಂದರೆ ಸಣ್ಣ ಎಳೆಯ ಸರದ ಕೊಂಡಿಗಳು ಯಂತ್ರಕ್ಕೆ ಬಿಡಿಬಿಡಿಯಾಗಿಯೇ ತೋರುವುದರಿಂದ ಅದು ಬಹಳ ಸಲ ಗಮನಕ್ಕೇ ಬರುವುದಿಲ್ಲ.

ಹೊಳೆಯಲ್ಲಿ ಉಂಗುರ ಚಪ್ಪಲಿಯಂತೆ ತೇಲಿಹೋಗುವುದಿಲ್ಲ. ಅಪ್ಪಟ ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ, ಮರಳಿನ ಕಣ ಎರಡೂವರೆ ಪಟ್ಟಿನಷ್ಟೇ. ಆದ್ದರಿಂದ ಅದು ಬಿದ್ದಲ್ಲಿಯೇ ಇಳಿದು, ಮೆಟ್ಟಿಲ ಕಲ್ಲಿನ ಸಂದಿಯಲ್ಲೋ ಸಡಿಲ ಮರಳಿನ ಕೆಳಗಿನ ಗಟ್ಟಿ ಪದರದ ಮೇಲೋ ಕುಳಿತಿರುವ ಸಂಭವವೇ ಹೆಚ್ಚು. ತಂಗಿ ನಿಂತಿದ್ದ ಜಾಗಕ್ಕೆ ಗೂಟ ನೆಟ್ಟು ಹಗ್ಗ ಕಟ್ಟಿ, ಒಂದು ಸಾಲಿನ ಅರ್ಧವನ್ನು ಮುಂದಿನ ಸಾಲು ಮತ್ತೆ ಹಾಯುವಂತೆ ಹುಡುಕಿ. ಸದ್ದು ಬಂದಲ್ಲಿ ತೂತಿನ ಬಾಣಲೆಯಿಂದಲೋ ಜರಡಿಯಿಂದಲೋ ಮರಳೆತ್ತಿ ತೊಳೆದು ನೋಡಿ. ಚಿನ್ನಕ್ಕೆ ತುಕ್ಕಿನ ಭಯವಿಲ್ಲದ ಕಾರಣ ಆತುರವೂ ಬೇಡ, ನೀರು ಇಳಿಯುವ ಬೇಸಗೆಯವರೆಗೆ ಕಾಯಬಹುದು. ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ಮಟ್ಟ ಬೇಗನೆ ಏರುತ್ತದೆ, ಇದೇ ಕಾವೇರಿಯಲ್ಲಿ ಮೊಸಳೆಗಳೂ ಇವೆ. ಹರಿಗೋಲಿನವರನ್ನು ಕೇಳದೆ ಇಳಿಯಬೇಡಿ, ಸೊಂಟದ ಆಳವನ್ನು ದಾಟಬೇಡಿ.

ಮಲ್ಪೆಯ ಲೆಕ್ಕ ಬೇರೆ. ಉಪ್ಪುನೀರು ವಿದ್ಯುತ್ತನ್ನು ಹಾಯಿಸುವುದರಿಂದ, ಒಂದೇ ಆವರ್ತನದ ಯಂತ್ರ ಒದ್ದೆ ಮರಳಿನ ಮೇಲೆ ಏನೂ ಇಲ್ಲದಿದ್ದರೂ ಅರಚುತ್ತದೆ. ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯಂತ್ರವಾದರೆ ಬೀಚ್ ಮೋಡ್ ಹಾಕಿ, ಸೂಕ್ಷ್ಮತೆಯನ್ನು ತುಸು ತಗ್ಗಿಸಿ. ಪಲ್ಸ್ ಇಂಡಕ್ಷನ್ ಯಂತ್ರ, ಅಂದರೆ ಕಾಯಿಲಿಗೆ ವಿದ್ಯುತ್ತನ್ನು ಬಿಟ್ಟುಬಿಟ್ಟು ಮಿಡಿತಗಳಾಗಿ ಹಾಯಿಸಿ ಲೋಹವನ್ನು ಪತ್ತೆಮಾಡುವ ಬಗೆ, ಉಪ್ಪನ್ನು ಲೆಕ್ಕಿಸುವುದಿಲ್ಲವಾದರೂ ಕಬ್ಬಿಣ, ಚಿನ್ನಗಳ ಭೇದವನ್ನು ಸರಿಯಾಗಿ ಹೇಳಲಾರದು, ಸಿಕ್ಕಿದ್ದನ್ನೆಲ್ಲ ಅಗೆಯಬೇಕಾಗುತ್ತದೆ. ಇಳಿತದ ವೇಳೆ ಹುಡುಕಿ, ಮುಗಿದ ಮೇಲೆ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯಿರಿ. ನೀರಿನಡಿ ಬ್ಲೂಟೂತ್ ನಡೆಯದು, ತಂತಿಯ ಹೆಡ್‌ಫೋನೇ ಬೇಕು.

ಪ್ರಶ್ನೆ: ಅಲಮೇಲಮ್ಮ ಒಡವೆಗಳೊಡನೆ ಮಾಲಂಗಿ ಮಡುವಿಗೆ ಹಾರಿದಳೆನ್ನುತ್ತಾರೆ. ಇಂಥ ಯಂತ್ರದಿಂದ ಅಲ್ಲಿ, ಅಥವಾ ತಲಕಾಡಿನ ಮರಳಿನಲ್ಲಿ ಹುಡುಕಬಹುದೆ?
— ಓದುಗರು, ಮೈಸೂರು

ಉತ್ತರ: ಅದು ಐತಿಹ್ಯ. ಕಾನೂನು ಐತಿಹ್ಯವಲ್ಲ. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನಿಧಿ ಕಾಯ್ದೆಯಂತೆ, ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಪಾಂಡವಪುರದವರು ಹುಡುಕುತ್ತಿರುವುದು ತಮ್ಮದೇ ಉಂಗುರವನ್ನು. ನಿಮ್ಮ ಪ್ರಶ್ನೆ ಹಾಗಿಲ್ಲ.