ಗೇಟ್ ನಂಬರ್ ಕೇಳಿದಿರಾ?

ಪ್ರಯಾಣ ಪ್ರಶ್ನೋತ್ತರ

ಪ್ರಶ್ನೆ: ಅಕ್ಕಾ, ನಾವು ರಾಯಚೂರಿನವರು. ದಸರಾ ರಜೆಗೆ ದೆಹಲಿ ನೋಡಲು ಹೊರಟಿದ್ದೇವೆ. ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ. ನಾನು, ನಮ್ಮ ಯಜಮಾನರು, 12 ಮತ್ತು 7 ವರ್ಷದ ಮಕ್ಕಳು, ಜೊತೆಗೆ ಅತ್ತೆ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಐದು ರಾತ್ರಿ ಉಳಿಯಬೇಕು. ದಿನಕ್ಕೆ 3,000 ರೂಪಾಯಿ ಒಳಗೆ ಮೆಟ್ರೋ ಹತ್ತಿರ ರೂಮು ಸಿಗುತ್ತಾ? ಆಪ್‌ನಲ್ಲಿ ಎಲ್ಲ ಹೋಟೆಲಿನವರೂ ‘ಮೆಟ್ರೋಗೆ ಐದೇ ನಿಮಿಷ’ ಅಂತ ಹಾಕಿದ್ದಾರೆ. ಯಾರನ್ನು ನಂಬುವುದು?

ಉತ್ತರ: ಯಾರನ್ನೂ ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ.

ನಮ್ಮ ಯಜಮಾನರ ನೌಕರಿ ದೆಹಲಿಯಲ್ಲಿ ಇದ್ದಾಗ ಹತ್ತೊಂಬತ್ತು ವರ್ಷ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ಎರಡು ರೂಮಿನ ಮನೆ. ಊರಿಂದ ಬಂದವರೆಲ್ಲ ನಮ್ಮ ಹಾಲ್‌ನಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ನಮ್ಮದೇ ಒಂದು ಕರ್ನಾಟಕ ಭವನ ಅಂತ ಅಕ್ಕಪಕ್ಕದವರು ನಗುತ್ತಿದ್ದರು. ಹಾಗಾಗಿ ದೆಹಲಿಯಲ್ಲಿ ದುಡ್ಡು ಕೊಟ್ಟು ರೂಮು ಮಾಡುವ ಪ್ರಸಂಗ ನನಗೆ ಬಂದದ್ದು ನಿವೃತ್ತಿ ಆಗಿ ಧಾರವಾಡಕ್ಕೆ ಬಂದ ಮೇಲೆ. ಮೂರು ವರ್ಷದ ಹಿಂದೆ ತಂಗಿಯ ಸಂಸಾರವನ್ನು ಕರೆದುಕೊಂಡು ಹೊರಟೆ. ದೆಹಲಿ ನನಗೇ ಗೊತ್ತಿಲ್ವಾ ಅನ್ನುವ ಜಂಬ ಬೇರೆ. ಫೋನ್ ಮಾಡಿ ಕೇಳಿದೆ. ‘ಮೆಟ್ರೋ ಬಿಲ್ಕುಲ್ ಸಾಮ್ನೆ ಹೈ, ಮೇಡಂ’ ಅಂದ ರಿಸೆಪ್ಷನ್ ಹುಡುಗ.

ಎದುರಿಗೇ ಇತ್ತು, ಸುಳ್ಳಲ್ಲ. ರೂಮಿನ ಕಿಟಕಿ ತೆಗೆದರೆ ಮೆಟ್ರೋ ಓಡುವುದು ಕಾಣುತ್ತಿತ್ತು. ಆದರೆ ಕಂಡದ್ದು ಕಂಬದ ಮೇಲಿನ ಹಳಿ, ಸ್ಟೇಷನ್ ಅಲ್ಲ! ಸ್ಟೇಷನ್‌ಗೆ ಹದಿನೆಂಟು ನಿಮಿಷ ನಡಿಗೆ. ನಡುವೆ ದೊಡ್ಡ ರಸ್ತೆ, ಆಳೆತ್ತರದ ಡಿವೈಡರ್. ಅದನ್ನು ಬಳಸಿಕೊಂಡು ಹೋಗಿ, ಆಚೆ ಕಡೆಯ ಗೇಟಿಗೆ ಸೇರಿದರೆ ಅಲ್ಲಿ ಲಿಫ್ಟ್ ಇಲ್ಲ. ಲಿಫ್ಟ್ ಇದ್ದದ್ದು ನಾವು ಹೊರಟ ಕಡೆಯ ಗೇಟಿನಲ್ಲೇ, ಡಿವೈಡರಿನ ಈಚೆಗೆ. ತಂಗಿ ಏನೂ ಮಾತಾಡಲಿಲ್ಲ. ಮಾತಾಡಿದ್ದರೇ ಚೆನ್ನಾಗಿತ್ತು.

ಅವತ್ತಿನಿಂದ ಹೋಟೆಲಿಗೆ ಫೋನ್ ಮಾಡಿದರೆ ನನ್ನ ಮೊದಲ ಪ್ರಶ್ನೆ ಒಂದೇ: ‘ಮೆಟ್ರೋ ಕಾ ಗೇಟ್ ನಂಬರ್ ಕೌನ್ಸಾ?’ ದೆಹಲಿಯಲ್ಲಿ ಸ್ಟೇಷನ್ನಿನ ಪ್ರತಿ ಗೇಟಿಗೂ ನಂಬರ್ ಇದೆ. ಒಂದೊಂದು ಒಂದೊಂದು ಕಡೆ ತೆರೆಯುತ್ತದೆ. ನಿಜವಾಗಿ ಹತ್ತಿರ ಇರುವ ಹೋಟೆಲಿನವರು ತಡವರಿಸದೆ ನಂಬರ್ ಹೇಳುತ್ತಾರೆ. ‘ಕೋಯಿ ಭೀ ಗೇಟ್ ಸೇ ಆ ಜಾಯಿಯೇ’ (ಯಾವ ಗೇಟಿಂದಾದರೂ ಬನ್ನಿ) ಅಂದರೆ ಫೋನ್ ಇಡಿ. ಗೇಟ್ ಗೊತ್ತಾದ ಮೇಲೆ ಮ್ಯಾಪ್‌ನಲ್ಲಿ ಆ ಗೇಟಿಂದ ಹೋಟೆಲಿನ ಬಾಗಿಲಿಗೆ ನಡೆಯುವ ದಾರಿ ಹಾಕಿ ನೋಡಿ. ಅತ್ತೆ ಇರುವುದರಿಂದ ಲಿಫ್ಟ್ ಯಾವ ಗೇಟಿನಲ್ಲಿದೆ ಅಂತಲೂ ಕೇಳಲೇಬೇಕು. ಎಲ್ಲ ಗೇಟಿನಲ್ಲೂ ಲಿಫ್ಟ್ ಇರುವುದಿಲ್ಲ.

ಅರ್ಧ ಕಿಲೋಮೀಟರ್ ದೂರವಾದರೆ ಆಟೋ ಹತ್ತಿದರಾಯಿತು ಅಂತ ನಿಮ್ಮ ಯಜಮಾನರು ಹೇಳಬಹುದು. ಲೆಕ್ಕ ಹಾಕಿ. ಆಟೋದಲ್ಲಿ ಮೂರೇ ಜನ, ನೀವು ಐದು ಜನ. ಅಂದರೆ ಪ್ರತಿ ಸಲ ಎರಡು ಆಟೋ. ಮೀಟರ್ ಪ್ರಕಾರ ಮೊದಲ ಒಂದೂವರೆ ಕಿಲೋಮೀಟರಿಗೆ 30 ರೂಪಾಯಿ. ಆದರೆ ಇಷ್ಟು ಹತ್ತಿರಕ್ಕೆ ಮೀಟರ್ ಹಾಕುವ ಪುಣ್ಯಾತ್ಮ ಸಿಗುವುದು ಅಪರೂಪ. ಮೀಟರ್ ಲೆಕ್ಕವೇ ಹಿಡಿದರೂ ಹೋಗಿ ಬರಲು ದಿನಕ್ಕೆ 120. ಮಧ್ಯಾಹ್ನ ಅತ್ತೆ ಒಮ್ಮೆ ರೂಮಿಗೆ ಬಂದು ಮಲಗಬೇಕು ಅಂದರೆ ಇನ್ನೂ ಜಾಸ್ತಿ. ನಿಜ ಹೇಳಬೇಕೆಂದರೆ ಮೆಟ್ರೋ ಪಕ್ಕದ ರೂಮಿನ ಲಾಭವೇ ಆ ಮಧ್ಯಾಹ್ನದ ನಿದ್ದೆ. ವಯಸ್ಸಾದವರು ಇಡೀ ದಿನ ಸುತ್ತಲಾರರು. ರೂಮು ದೂರ ಇದ್ದರೆ ಅವರು ಪಾಪ, ಏನೂ ಹೇಳದೆ ಕೆಂಪುಕೋಟೆಯ ಕಟ್ಟೆ ಮೇಲೆ ಕೂತುಬಿಡುತ್ತಾರೆ.

ಈಗ ಎಲ್ಲಿ ಹುಡುಕುವುದು ಅನ್ನೋದಕ್ಕೆ ಬರೋಣ. ನಾನಾದರೆ ಕರೋಲ್ ಬಾಗ್ ನೋಡುತ್ತೇನೆ. ಬ್ಲೂ ಲೈನ್, ಸ್ಟೇಷನ್ ಇರುವುದು ಪೂಸಾ ರೋಡ್ ಮೇಲೆ. ಆ ರಸ್ತೆಗೆ ತಾಗಿದ ಗಲ್ಲಿಗಳಲ್ಲಿ ಸಂಸಾರಸ್ಥರು ಇಳಿದುಕೊಳ್ಳುವ ಹೋಟೆಲುಗಳು ಬೇಕಾದಷ್ಟಿವೆ. ಅಲ್ಲಿಂದ ಅಕ್ಷರಧಾಮಕ್ಕೆ ಗಾಡಿ ಬದಲಿಸದೆ ಹೋಗಬಹುದು. ಕೆಂಪುಕೋಟೆಗೆ ಮಂಡಿ ಹೌಸ್‌ನಲ್ಲಿ ಇಳಿದು ವಯಲೆಟ್ ಲೈನ್ ಹಿಡಿದರೆ ‘ಲಾಲ್ ಕಿಲಾ’ ಅಂತಲೇ ಸ್ಟೇಷನ್ ಇದೆ. ಕುತುಬ್ ಮಿನಾರ್‌ಗೆ ರಾಜೀವ್ ಚೌಕ್‌ನಲ್ಲಿ ಯೆಲ್ಲೋ ಲೈನ್‌ಗೆ ಬದಲಿಸಬೇಕು. ಆ ಹೆಸರಿನ ಸ್ಟೇಷನ್ ಇದೆ ಅಂತ ನಡೆದು ಹೊರಡಬೇಡಿ, ಮಿನಾರ್ ಅಲ್ಲಿಂದ ದೂರ, ಆಟೋ ಬೇಕು. ಮಕ್ಕಳಿಗೆ ಒಂದು ಖುಷಿಯೂ ಇದೆ: ಝಂಡೇವಾಲಾನ್ ಮತ್ತು ಕರೋಲ್ ಬಾಗ್ ಸ್ಟೇಷನ್ ನಡುವೆ 108 ಅಡಿಯ ಹನುಮಂತ ರೈಲಿನ ಕಿಟಕಿಯಲ್ಲೇ ಕಾಣುತ್ತಾನೆ. ನವರಾತ್ರಿಯಲ್ಲಿ ಝಂಡೇವಾಲಾನ್ ದೇವಿ ಗುಡಿಗೆ ವಿಪರೀತ ಜನ. ನೀವು ಹೋಗುವುದೂ ಆಗಲೇ. ಅದಕ್ಕೇ ಗುಡಿಯ ಮಗ್ಗುಲಲ್ಲೇ ರೂಮು ಬೇಡ.

ಪಹಾಡ್‌ಗಂಜ್ ಅಗ್ಗ. ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಗಲ್ಲಿ ಇಕ್ಕಟ್ಟು, ರಾತ್ರಿ ಒಂದು ಗಂಟೆಗೂ ಹಾರ್ನ್. ಹೋಗಲೇಬೇಕೆಂದರೆ ಮೇನ್ ಬಜಾರ್‌ನ ಆಚೆ ತುದಿ, ಆರ್.ಕೆ. ಆಶ್ರಮ್ ಮಾರ್ಗ್ ಸ್ಟೇಷನ್ ಕಡೆ ನೋಡಿ. ರೈಲ್ವೆ ಸ್ಟೇಷನ್ನಿಗೆ ಹತ್ತಿರ ಅಂದರೆ ಮೆಟ್ರೋಗೂ ಹತ್ತಿರ ಅಂತ ತಿಳಿಯಬೇಡಿ. ನ್ಯೂ ಡೆಲ್ಲಿ ಮೆಟ್ರೋ ಇರುವುದು ಅಜ್ಮೇರಿ ಗೇಟ್ ಕಡೆ, ಅಂದರೆ 16ನೇ ಪ್ಲಾಟ್‌ಫಾರ್ಮ್ ಬದಿಗೆ. ಪಹಾಡ್‌ಗಂಜ್ ಇರುವುದು 1ನೇ ಪ್ಲಾಟ್‌ಫಾರ್ಮ್ ಬದಿಗೆ. ನಡುವೆ ಇಡೀ ರೈಲ್ವೆ ಸ್ಟೇಷನ್, ಅದರ ಮೇಲೆ ಓವರ್‌ಬ್ರಿಡ್ಜ್. ದಿನಾ ಎರಡು ಸಲ ಆ ಮೆಟ್ಟಿಲು ಹತ್ತಿ ಇಳಿದರೆ ಅತ್ತೆ ನಿಮ್ಮನ್ನು ಮಾತಾಡಿಸುವುದಿಲ್ಲ.

ಲಜಪತ್ ನಗರ, ಕೈಲಾಶ್ ಕಾಲೊನಿ ಕಡೆ ಮನೆಯನ್ನೇ ಗೆಸ್ಟ್ ಹೌಸ್ ಮಾಡಿದವರಿದ್ದಾರೆ. ಗಲಾಟೆ ಕಡಿಮೆ, ವಯಲೆಟ್ ಲೈನ್, ದರ ಸ್ವಲ್ಪ ಮೇಲೆ. ಮಹಿಪಾಲ್‌ಪುರದಲ್ಲಿ ಕಡಿಮೆ ದರ ಕಂಡು ಮರುಳಾಗಬೇಡಿ. ಅದು ಏರ್‌ಪೋರ್ಟಿಗೆ ಹೋಗುವವರಿಗೆ ಸರಿ. ಹತ್ತಿರದ ಮೆಟ್ರೋ ಏರೋಸಿಟಿ, ನಡುವೆ ಹೈವೇ. ಮಕ್ಕಳ ಕೈ ಹಿಡಿದು ದಾಟುವ ಜಾಗವಲ್ಲ.

ಐದು ಜನರಿಗೆ 3,000 ಬಿಗಿಯಾಯಿತು. 3,500 ಇಟ್ಟುಕೊಂಡರೆ ಆಯ್ಕೆ ಹೆಚ್ಚು. ಎರಡು ಡಬಲ್ ರೂಮಿಗಿಂತ ನಾಲ್ಕು ಜನರ ಫ್ಯಾಮಿಲಿ ರೂಮು ಮತ್ತು ಒಂದು ಹೆಚ್ಚುವರಿ ಹಾಸಿಗೆ ಸಾಮಾನ್ಯವಾಗಿ ಅಗ್ಗ. ಆದರೆ ಹಾಸಿಗೆಗೆ ಎಷ್ಟು, ಏಳು ವರ್ಷದ ಮಗುವಿಗೆ ಚಾರ್ಜ್ ಇದೆಯಾ, ಟ್ಯಾಕ್ಸ್ ಸೇರಿದೆಯಾ ಅಂತ ಮೊದಲೇ ಕೇಳಿ. ನಿಮ್ಮ ದರದ ರೂಮಿಗೆ ಜಿಎಸ್‌ಟಿ 5%. 12% ಅಂತ ಹೇಳಿದರೆ ಅದು ಹಳೆಯ ಲೆಕ್ಕ, 2025ರ ಸೆಪ್ಟೆಂಬರ್‌ನಲ್ಲೇ ಇಳಿದಿದೆ. ಮಾತಾಡಿದ್ದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ರೂಮಿನ ವಿಡಿಯೋ ತರಿಸಿಕೊಳ್ಳಿ, ಫೋಟೋ ಸಾಲದು. ಕಿಟಕಿ ಇದೆಯಾ, ಅದು ಹೊರಗೆ ತೆರೆಯುತ್ತದಾ ನೋಡಿ. ಅಲ್ಲಿ ಎಷ್ಟೋ ರೂಮುಗಳಿಗೆ ಪರದೆ ಇರುತ್ತದೆ, ಸರಿಸಿದರೆ ಹಿಂದೆ ಬರೀ ಗೋಡೆ.

ಇದೊಂದು ವಿಷಯ ಹೆದರಿಸಲು ಹೇಳುತ್ತಿಲ್ಲ. 2019ರ ಫೆಬ್ರವರಿಯಲ್ಲಿ ಕರೋಲ್ ಬಾಗ್‌ನ ಒಂದು ಹೋಟೆಲಿಗೆ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ತೀರಿಕೊಂಡರು. ನಾನು ಈಗ ಕೆಳಗಿನ ಮಹಡಿಗಳಲ್ಲೇ ರೂಮು ಕೇಳುತ್ತೇನೆ. ಕೀ ತೆಗೆದುಕೊಳ್ಳುವ ಮೊದಲು ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗ ಹಾಕಿದ್ದಾರಾ ಅಂತ ಹೋಗಿ ನೋಡಿ ಬರುತ್ತೇನೆ. ಹೋಟೆಲಿನವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ನಿಮ್ಮ ಗಾಡಿ ತಲುಪುವುದು ಬೆಳಿಗ್ಗೆ. ರೂಮು ಕೊಡುವುದು ಎಷ್ಟೋ ಕಡೆ ಮಧ್ಯಾಹ್ನ 12ಕ್ಕೆ. ಬೇಗ ಕೊಡುತ್ತೀರಾ ಅಂತ ಹಿಂದಿನ ದಿನ ರೈಲಿಂದಲೇ ಫೋನ್ ಮಾಡಿ. ಅವತ್ತು ಲಗೇಜ್ ಇಟ್ಟುಕೊಂಡು ಮೆಟ್ರೋ ಸಾಹಸ ಬೇಡ, ಟ್ಯಾಕ್ಸಿ ಮಾಡಿ. ಸ್ಟೇಷನ್ ಹೊರಗೆ ಯಾರಾದರೂ ‘ನಿಮ್ಮ ಹೋಟೆಲ್ ಮುಚ್ಚಿದೆ’, ‘ಆ ರಸ್ತೆ ಬಂದ್ ಆಗಿದೆ’ ಅಂದರೆ ತಿರುಗಿಯೂ ನೋಡಬೇಡಿ. ಬಹಳ ಹಳೆಯ ಆಟ ಅದು. ಹೋಟೆಲಿಗೇ ಫೋನ್ ಮಾಡಿ ಕೇಳಿ. ದೊಡ್ಡವರೆಲ್ಲರ ಆಧಾರ್ ಕೈಗೆ ಸಿಗುವಂತೆ ಇರಲಿ.

ಮೆಟ್ರೋ ಟಿಕೆಟ್ 11 ರೂಪಾಯಿಯಿಂದ 64ರವರೆಗೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಾತ್ರ ಪುಕ್ಕಟೆ. ಅರ್ಧ ಟಿಕೆಟ್ ಇಲ್ಲ, ಹಾಗಾಗಿ ನಿಮಗೆ ಐದು ಪೂರ್ತಿ ಟಿಕೆಟ್. ಸ್ಮಾರ್ಟ್ ಕಾರ್ಡ್‌ಗೆ 10% ರಿಯಾಯಿತಿ ಇದೆ. ರೈಲು ಹೋಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ. ಜನ ಜಾಸ್ತಿ ಇದ್ದಾಗ ನೀವು, ಅತ್ತೆ ಅದರಲ್ಲಿ ಹತ್ತಿಬಿಡಿ. ಯಜಮಾನರು ಅದರ ಹಿಂದಿನ ಬೋಗಿಯಲ್ಲಿ ಬರಲಿ. ಎಲ್ಲಿ ಇಳಿಯಬೇಕು ಅಂತ ಹತ್ತುವ ಮೊದಲೇ ಮಾತಾಡಿಕೊಂಡಿರಿ. ಸಂಜೆ ಆರು ಗಂಟೆಗೆ ರಾಜೀವ್ ಚೌಕ್‌ನಲ್ಲಿ ಗಾಡಿ ಬದಲಿಸುವುದು ಬೇಡವೇ ಬೇಡ. ಕೆಂಪುಕೋಟೆ, ಅಕ್ಷರಧಾಮ ಎರಡೂ ಸೋಮವಾರ ರಜೆ.

ಕರ್ನಾಟಕ ಭವನ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರ್ಜಿ ಹಾಕಿ ನೋಡಿ, ಆದರೆ ಮೊದಲ ಪಾಲು ಶಾಸಕರಿಗೆ, ಅಧಿಕಾರಿಗಳಿಗೆ. ಅದನ್ನೇ ನಂಬಿ ರೈಲು ಹತ್ತಬೇಡಿ. ಮಕ್ಕಳು ರೊಟ್ಟಿ, ಪನೀರ್ ತಿಂದು ಬೇಸತ್ತ ದಿನ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಡೆ ಹೋಗಿ, ನಮ್ಮ ದೋಸೆ ಸಿಗುತ್ತದೆ. ಆ ಕಡೆಯ ಮೆಟ್ರೋ ಸ್ಟೇಷನ್ ಹೆಸರು ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್. ನಮ್ಮ ವಿಶ್ವೇಶ್ವರಯ್ಯನವರದೇ. ಹಿರಿಯ ಮಗುವಿಗೆ ತೋರಿಸಿ.

ಪ್ರಶ್ನೆ: ಬಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ನಾವು ಉಳಿಯಬಹುದಾ? ಗಂಡ, ಹೆಂಡತಿ, ಒಂದು ಮಗು. ಎರಡೇ ರಾತ್ರಿ. — ಓದುಗರು, ಹಾಸನ

ಉತ್ತರ: ಉಳಿಯಬಹುದು, ಸಿಖ್ಖರೇ ಆಗಿರಬೇಕು ಅಂತಿಲ್ಲ. ಆದರೆ ರೂಮುಗಳು ಕಡಿಮೆ, ಕೇಳುವವರು ಬಹಳ. ಸಿಗದಿದ್ದರೆ ಎಲ್ಲಿಗೆ ಅಂತ ಇನ್ನೊಂದು ಜಾಗ ಮೊದಲೇ ಯೋಚಿಸಿಟ್ಟುಕೊಳ್ಳಿ. ಬೀಡಿ, ಸಿಗರೇಟು, ಕುಡಿತ ಒಳಗೆ ತರುವಂತಿಲ್ಲ, ತಲೆಗೆ ಬಟ್ಟೆ ಇರಬೇಕು. ಪಟೇಲ್ ಚೌಕ್, ಶಿವಾಜಿ ಸ್ಟೇಡಿಯಂ ಎರಡೂ ಮೆಟ್ರೋ ಹತ್ತಿರ. ಅಲ್ಲೇ ಅಶೋಕ ರೋಡ್‌ನಲ್ಲಿ ವೈಡಬ್ಲ್ಯೂಸಿಎ ಫ್ಯಾಮಿಲಿ ಹಾಸ್ಟೆಲ್ ಇದೆ, ಅದನ್ನೂ ವಿಚಾರಿಸಿ. ಎಲ್ಲೇ ಮಲಗಿದರೂ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಲಂಗರ್ ಊಟ ಮಾಡದೆ ಬರಬೇಡಿ. ಊಟ ಆದ ಮೇಲೆ ಅರ್ಧ ಗಂಟೆ ತಟ್ಟೆ ತೊಳೆಯಲು ಕೂತರೆ ಇನ್ನೂ ಚೆನ್ನ.

ಪ್ರಶ್ನೆ: ಅಪ್ಪನನ್ನು ಏಮ್ಸ್‌ಗೆ ತೋರಿಸಬೇಕು. ಎಷ್ಟು ದಿನ ಆಗುತ್ತದೋ ಗೊತ್ತಿಲ್ಲ. ಅಮ್ಮನೂ ಬರುತ್ತಾರೆ. ಎಲ್ಲಿ ಉಳಿಯುವುದು? — ಓದುಗರು, ಹುಬ್ಬಳ್ಳಿ

ಉತ್ತರ: ಇದಕ್ಕೆ ಮೇಲಿನ ಉತ್ತರ ಯಾವುದೂ ಆಗುವುದಿಲ್ಲ. ಯೂಸುಫ್ ಸರಾಯ್, ಇಲ್ಲವೇ ಗೌತಮ್ ನಗರ ನೋಡಿ. ಯೂಸುಫ್ ಸರಾಯ್ ಇರುವುದು ಏಮ್ಸ್ ಮತ್ತು ಗ್ರೀನ್ ಪಾರ್ಕ್ ಮೆಟ್ರೋ ನಡುವೆ, ಗೌತಮ್ ನಗರ ಅದರ ಹಿಂದೆ. ಹೊರರೋಗಿಗಳ ಸಾಲು ಬೆಳಗಿನ ಜಾವವೇ ಶುರುವಾಗುತ್ತದೆ. ಆ ಹೊತ್ತಿಗೆ ಮೆಟ್ರೋ ಇನ್ನೂ ಓಡುತ್ತಿರುವುದಿಲ್ಲ. ಅದಕ್ಕೇ ಇಲ್ಲಿ ಮೆಟ್ರೋಗೆ ಹತ್ತಿರ ಅನ್ನುವುದಕ್ಕಿಂತ ಆಸ್ಪತ್ರೆ ಗೇಟಿಗೆ ಹತ್ತಿರ ಅನ್ನುವುದೇ ಮುಖ್ಯ.

ಪೂರ್ತಿ ಬಾಡಿಗೆ ಒಟ್ಟಿಗೆ ಕೊಡಬೇಡಿ. ಮೊದಲು ಮೂರು ದಿನಕ್ಕೆ ಮಾತಾಡಿ. ಡಾಕ್ಟರು ಏನು ಹೇಳುತ್ತಾರೆ ನೋಡಿಕೊಂಡು ವಾರದ ದರ ಕೇಳಿ, ಇಳಿಸುತ್ತಾರೆ. ಆಸ್ಪತ್ರೆಯ ಧರ್ಮಶಾಲೆಗಳೂ ಇವೆ, ತುಂಬ ಅಗ್ಗ. ಆದರೆ ಅದಕ್ಕೆ ಡಾಕ್ಟರ ಚೀಟಿ ಬೇಕು. ಮೊದಲ ಭೇಟಿಯಲ್ಲೇ ಸಂಕೋಚ ಬಿಟ್ಟು ಕೇಳಿ. ವಿಮಾನದಲ್ಲಿ ಬಂದು ಟರ್ಮಿನಲ್ 1ರಲ್ಲಿ ಇಳಿದರೆ ಮೆಜೆಂಟಾ ಲೈನ್‌ನಲ್ಲಿ ಹೌಜ್ ಖಾಸ್, ಅಲ್ಲಿಂದ ಯೆಲ್ಲೋ ಲೈನ್‌ನಲ್ಲಿ ಎರಡನೇ ಸ್ಟೇಷನ್ನೇ ಏಮ್ಸ್. ಇದು ಆಮೇಲೆ ಒಬ್ಬೊಬ್ಬರೇ ಬಂದು ಹೋಗುವವರಿಗೆ. ಅಪ್ಪನನ್ನು ಕರೆದುಕೊಂಡು ಬರುವ ದಿನ ಟ್ಯಾಕ್ಸಿಯೇ ಇರಲಿ.

ರೂಮು ಹುಡುಕುವಾಗ ಅಡುಗೆಗೆ ಒಲೆ ಕೊಡುತ್ತಾರಾ ಅಂತ ಮರೆಯದೆ ಕೇಳಿ. ರೋಗಿಗಳ ಕಡೆಯವರಿಗೆ ಅಂತಲೇ ಆ ಅನುಕೂಲ ಮಾಡಿಕೊಟ್ಟ ಮನೆಗಳು ಆ ಕಡೆ ಇವೆ. ಒಂದು ಕುಕ್ಕರ್, ಎರಡು ಸೇರು ಅಕ್ಕಿ, ಉಪ್ಪಿನಕಾಯಿ ಊರಿಂದಲೇ ತನ್ನಿ. ಅಪ್ಪನಿಗೆ ಗಂಜಿ ಆಗುತ್ತದೆ, ಅಮ್ಮನಿಗೂ ಕೈಗೊಂದು ಕೆಲಸ ಇರುತ್ತದೆ.